ಹದಿನೇಳನೇ ಸದಸ್ಯೆ

ಕಾರಿಡಾರಿನ ತಿರುವಿನಲ್ಲೇ ಅವನಿಗೆ ಕಂಡಿತು, ತನ್ನ ಕೋಣೆಯ ಹೊರಗಿನ ಬೆಂಚಿನ ಮೇಲೆ ಒಬ್ಬ ಹೆಂಗಸು ಕೂತಿದ್ದಾಳೆ. ಹಾಜರಾತಿ ಕಡಿಮೆಯಾದ ಮಕ್ಕಳ ಪರವಾಗಿ ಅಂಗಲಾಚಲು ಬರುವ ತಾಯಂದಿರು ಹಾಗೆ ಕೂರುವುದಿಲ್ಲ. ಅವರು ಬೆಂಚಿನ ತುದಿಗೆ ಅಂಟಿಕೊಂಡಿದ್ದು, ಯಾರು ಹಾದು ಹೋದರೂ ಅರ್ಧ ಎದ್ದು ನಿಲ್ಲುತ್ತಾರೆ. ಇವಳು ಬೆನ್ನನ್ನು ಗೋಡೆಗೆ ಪೂರ್ತಿ ಆನಿಸಿ, ತೊಡೆಯ ಮೇಲಿದ್ದ ಬಟ್ಟೆಚೀಲದ ಅಂಚನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ಅರಿವೆಯ ಗಟ್ಟಿತನ ನೋಡುವವರ ಹಾಗೆ ಉಜ್ಜುತ್ತ ಕೂತಿದ್ದಳು. ಅವಳ ಮುಖವನ್ನು ಅವನು ಎಂದೂ ನೋಡಿರಲಿಲ್ಲ. ಆನ್‌ಲೈನ್ ಗುಂಪಿನಲ್ಲಿ ಟೈಲರಮ್ಮ ಎಂಬ ಅವಳ ಹೆಸರಿನ ಪಕ್ಕ ಇದ್ದದ್ದು ಒಂದು ಹೊಲಿಗೆ ಯಂತ್ರದ ಚಿತ್ರ ಅಷ್ಟೆ. ಆದರೂ ಟೈಲರಮ್ಮ ಎಂದು ಯಾರೋ ಕಿವಿಯಲ್ಲಿ ಕೂಗಿದಂತಾಗಿ, ಬೀಗದ ಕೈಯನ್ನು ಆಗಲೇ ಜೇಬಿನಿಂದ ತೆಗೆದಿದ್ದ ಪ್ರಾಧ್ಯಾಪಕ, ನಲವತ್ತಾರು ವರ್ಷದ ಗಂಡಸು, ಸರಕ್ಕನೆ ಪಕ್ಕಕ್ಕೆ ತಿರುಗಿ ಅಧ್ಯಾಪಕರ ಶೌಚಾಲಯಕ್ಕೆ ನುಗ್ಗಿದ.

ನಲ್ಲಿ ಬಿಟ್ಟು ಕೈ ತೊಳೆಯತೊಡಗಿದ. ಸೋಪು ಹಾಕಿ ತೊಳೆದ, ಮತ್ತೆ ಸೋಪು ಹಾಕಿದ. ಹತ್ತು ನಿಮಿಷ ಕಾದರೆ ಎದ್ದು ಹೋಗಬಹುದು ಎಂದುಕೊಂಡ, ಹೋಗುವುದಿಲ್ಲವೆಂದು ಗೊತ್ತಿತ್ತು. ಕನ್ನಡಿಯಲ್ಲಿ ತನ್ನನ್ನು ನೋಡಿಕೊಳ್ಳದಿರಲು ನೀರನ್ನೇ ನೋಡುತ್ತಿದ್ದಾಗ ಬಾಗಿಲು ತಳ್ಳಿಕೊಂಡು ಬಂದ ಅರ್ಥಶಾಸ್ತ್ರದವನು ಬೆನ್ನು ತಟ್ಟಿದ. "ಏನ್ ಸಾರ್, ಪೇಪರ್ ತುಂಬಾ ನೀವೇ! ಆ ಕಂಡಕ್ಟರ್ ಅಜ್ಜ ಮನೆಯವರಿಗೆಲ್ಲಾ ಟಿಕೆಟ್ ಹರಿದು ಕೊಡ್ತಾನಲ್ಲ, ಅದನ್ನ ಓದಿ ನಮ್ಮನೆಯವಳು ಅತ್ತೇಬಿಟ್ಟಳು. ನಿಮ್ಮ ಬರವಣಿಗೆ ಬಿಡಿ, ಕಥೆಗಾರರ ಹಾಗೆ." ಅವನು "ನನ್ನ ಬರವಣಿಗೆ ಅಲ್ಲ ಅದು" ಎಂದ. "ಅದೇ ನಿಮ್ಮ ದೊಡ್ಡತನ" ಎಂದು ನಕ್ಕು ಅರ್ಥಶಾಸ್ತ್ರದವನು ಅತ್ತ ತಿರುಗಿ ನಿಂತ.

ನಿಜಕ್ಕೂ ಅವನ ಬರವಣಿಗೆ ಆಗಿರಲಿಲ್ಲ. ಗುಂಪಿನಲ್ಲಿ ಅವಳು ಬರೆದದ್ದರ ಒಂದಕ್ಷರವನ್ನೂ ತಿದ್ದದೆ, ಕಾಗುಣಿತ ತಪ್ಪುಗಳ ಸಮೇತ, ತನ್ನ ಸಂಶೋಧನಾ ಪ್ರಬಂಧದಲ್ಲಿ ಹಾಗೇ ಇಟ್ಟಿದ್ದ. ಹಾಗೆ ಇಡುವುದೇ ಪ್ರಾಮಾಣಿಕತೆ ಎಂದು ತರಗತಿಯಲ್ಲಿ ಹೇಳಿಕೊಡುತ್ತಿದ್ದವನು ಅವನು. 'ಹದಿನೇಳನೇ ಸದಸ್ಯೆ, ಮೂವತ್ತಾರು ವರ್ಷ, ಮನೆಯಲ್ಲೇ ಶಾಲೆಯ ಸಮವಸ್ತ್ರ ಹೊಲಿಯುವವರು, ಮರೆವಿನ ಕಾಯಿಲೆಯ ಮಾವನನ್ನು ನಾಲ್ಕು ವರ್ಷದಿಂದ ನೋಡಿಕೊಳ್ಳುತ್ತಿರುವವರು' ಎಂದು ಮೇಲೆ ಒಂದು ಸಾಲು. ಕೆಳಗೆ ಅವಳದೇ ಮಾತು: 'ಇವತ್ತು ಮಾವ ನ್ಯೂಸ್‌ಪೇಪರಿನ ಅಂಚು ಹರಿದು ನನಗೂ ಒಂದು ಟಿಕೆಟ್ ಕೊಟ್ರು. ಎಲ್ಲಿಗೆ ಮಾವ ಅಂದೆ. ಕೊನೇ ಸ್ಟಾಪಿಗಮ್ಮ ಅಂದ್ರು. ಆ ಸ್ಟಾಪು ಇವತ್ತೇ ಬಂದುಬಿಡಲಿ ಅಂತ ಅಂದುಕೊಂಡೆ. ಹೊರಗಿನಿಂದ ಚಿಲಕ ಹಾಕಿ ಮೆಟ್ಟಿಲ ಮೇಲೆ ಎರಡು ಗಂಟೆ ಕೂತೆ. ಒಳಗಿಂದ ಬಾಗಿಲು ಬಡೀತಾನೇ ಇದ್ರು. ನನಗೆ ಏನೂ ಅನ್ನಿಸಲಿಲ್ಲ. ಅದನ್ನ ಹೇಳೋಕೆ ಇಲ್ಲಿಗೆ ಬಂದೆ.' ಪ್ರಬಂಧವನ್ನು ಪರಿಶೀಲಿಸಿದವರು ಈ ಜಾಗದಲ್ಲಿ 'ಅದ್ಭುತ ದತ್ತಾಂಶ' ಎಂದು ಬರೆದಿದ್ದರು. ಆಮೇಲೆ ಪತ್ರಿಕೆಯ ವರದಿಗಾರ್ತಿ ಫೋನು ಮಾಡಿ "ಮನಸ್ಸಿಗೆ ತಟ್ಟೋ ಒಂದು ಉದಾಹರಣೆ ಇದ್ರೆ ಕೊಡಿ ಸಾರ್" ಎಂದಾಗ, ಅವನೇ ದನಿಯಲ್ಲಿ ಸ್ವಲ್ಪ ಭಾವ ಬೆರೆಸಿ ಇದನ್ನು ಓದಿ ಹೇಳಿದ್ದ. ಭಾನುವಾರದ ಪುರವಣಿಯಲ್ಲಿ ಬಣ್ಣದ ಚೌಕಟ್ಟು ಕಟ್ಟಿ ಹಾಕಿದ್ದರು.

ಆ ಗುಂಪಿಗೆ ಅವನನ್ನು ಸೇರಿಸಿದ್ದು ಅಕ್ಕ. ಮನೆಯಲ್ಲಿ ಮರೆವಿನವರನ್ನು ನೋಡಿಕೊಳ್ಳುವವರು ಒಬ್ಬರಿಗೊಬ್ಬರು ಹೇಳಿಕೊಂಡು ಹಗುರಾಗಲೆಂದು ಒಬ್ಬ ನಿವೃತ್ತ ನರ್ಸ್ ಶುರು ಮಾಡಿದ್ದ ಗುಂಪು. ಮೂರು ಸಾವಿರಕ್ಕೂ ಹೆಚ್ಚು ಜನ. ಸೇರುವಾಗ ಒಂದೇ ಪ್ರಶ್ನೆ: ನೀವು ಯಾರನ್ನು ನೋಡಿಕೊಳ್ಳುತ್ತಿದ್ದೀರಿ? ಅವನು 'ಅಮ್ಮನನ್ನು' ಎಂದು ತುಂಬಿದ್ದ. ನೋಡಿಕೊಳ್ಳುತ್ತಿದ್ದವಳು ಅಕ್ಕ. ಅವನು ಭಾನುವಾರ ಹನ್ನೊಂದಕ್ಕೆ ಹೋಗಿ, ಅಮ್ಮನ ಕೈ ಹಿಡಿದು ಕೂತು, "ನೀವು ಯಾರ ಪೈಕಿ?" ಎಂದು ಅಮ್ಮ ಕೇಳಿದಾಗ ನಗಲು ನೋಡಿ, ಎರಡಕ್ಕೆ ಗಡಿಯಾರದ ಕಡೆ ಕಣ್ಣು ಹಾಯಿಸಿ ಏಳುವವನು. ಆದರೂ ಅಕ್ಕ ಅವನ ಪರವಾಗಿ ಗುಂಪಿನಲ್ಲಿ ಬರೆದಿದ್ದಳು: 'ಇವನು ನನ್ನ ತಮ್ಮ. ನನ್ನಷ್ಟೇ ಕಷ್ಟ ಪಡುತ್ತಿದ್ದಾನೆ. ನಂಬಿಕಸ್ಥ.' ಕೊನೆಯ ಆ ಪದವನ್ನು ಓದಿ ಆಗ ಅವನಿಗೆ ನಗು ಬಂದಿತ್ತು, ಅಂಗಡಿಯ ಕೆಲಸಕ್ಕೆ ಆಳನ್ನು ಸೇರಿಸುವವರ ಮಾತಿನ ಹಾಗೆ ಇದೆಯಲ್ಲ ಎಂದು. ಸಂಶೋಧನೆಯ ಯೋಚನೆ ಆಗ ಇರಲಿಲ್ಲ. ಇರಲಿಲ್ಲ ಎಂಬುದು ನಿಜ. ಎಂಟು ತಿಂಗಳಾದ ಮೇಲೆ, ಬಡ್ತಿಯ ಅರ್ಜಿಗೆ ಇನ್ನೊಂದು ಪ್ರಬಂಧ ಬೇಕಾದಾಗ, ಇಷ್ಟೆಲ್ಲ ಕಣ್ಣ ಮುಂದೇ ಬಿದ್ದಿದೆಯಲ್ಲ ಎನ್ನಿಸಿತು. ಬಿದ್ದಿದೆ ಎಂಬ ಪದವನ್ನೇ ಅವನು ಮನಸ್ಸಿನಲ್ಲಿ ಬಳಸಿದ್ದ. ಸಂಶೋಧನೆಗೆ ಒಪ್ಪಿಗೆ ಕೊಡುವ ನೀತಿ ಸಮಿತಿಯ ಅರ್ಜಿಯಲ್ಲಿ ಮೂರನೇ ಪ್ರಶ್ನೆ, 'ಈ ಸಂಶೋಧನೆಯು ಮನುಷ್ಯರನ್ನು ಒಳಗೊಂಡಿದೆಯೇ?' ಎಂದಿತ್ತು. ಅವನು 'ಇಲ್ಲ' ಎಂಬಲ್ಲಿ ಗುರುತು ಹಾಕಿ, ಪಕ್ಕದಲ್ಲಿ 'ಸಾರ್ವಜನಿಕವಾಗಿ ದೊರೆಯುವ ಪಠ್ಯ ಮಾತ್ರ' ಎಂದು ಬರೆದ. ಸಮಿತಿಯವರು ಚಹಾ ಮುಗಿಯುವುದರೊಳಗೆ ಸಹಿ ಹಾಕಿಕೊಟ್ಟರು.

ಐದು ದಿನದ ಹಿಂದೆ ಅಕ್ಕ ಫೋನು ಮಾಡಿದಾಗ ಅವನು ಉತ್ತರಪತ್ರಿಕೆ ತಿದ್ದುತ್ತಿದ್ದ. "ಟೈಲರಮ್ಮನ್ನ ಮನೆಯಿಂದ ಹೊರಗೆ ಹಾಕಿದಾರೆ ಕಣೋ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ಹೆದರಿಕೆ ತಂದದ್ದು. ಟೈಲರಮ್ಮನ ಮಾವ ನಾಲ್ಕು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ತೀರಿಕೊಂಡಿದ್ದರು. ಈಗ ಪತ್ರಿಕೆ ಓದಿದ ಗಂಡನ ಅಣ್ಣ ಅದರಲ್ಲಿದ್ದ ಟಿಕೆಟ್ ಹರಿಯುವ ಕಂಡಕ್ಟರು, ಸಮವಸ್ತ್ರ ಹೊಲಿಯುವ ಸೊಸೆ, ಮೆಟ್ಟಿಲು ಎಲ್ಲವನ್ನೂ ಕೂಡಿಸಿ ನೋಡಿ, ಅಪ್ಪ ಬಿದ್ದ ದಿನವೂ ಹೊರಗಿನಿಂದ ಚಿಲಕ ಹಾಕಿತ್ತೇ ಎಂದು ಕೇಳಿದ್ದಾನೆ. ಒಂಬತ್ತು ವರ್ಷದ ಮಗಳನ್ನು ಇಟ್ಟುಕೊಂಡು ಇವಳನ್ನು ಆಚೆ ಕಳಿಸಿದ್ದಾರೆ. ಪೊಲೀಸರ ಮಾತೂ ಆಡುತ್ತಿದ್ದಾರೆ. "ಆ ಸಾಲು ಪೇಪರಿಗೆ ಹೇಗೆ ಹೋಯ್ತು ಅಂತ ಗುಂಪಲ್ಲಿ ಹುಡುಕಿದ್ರು. ನಿನ್ನ ಹೆಸರು ಸಿಕ್ತು. ನಿನ್ನ ಹಿಂದೆ ನನ್ನ ಹೆಸರು ಸಿಕ್ತು" ಎಂದಳು ಅಕ್ಕ. "ನನ್ನ ತೆಗೆದುಹಾಕಿದ್ರು." ಅವನು ಏನೋ ಹೇಳಹೊರಟ, ನಿಯಮದ ಪ್ರಕಾರ ಎಂಬ ಮಾತು ಬಾಯಿಗೆ ಬಂತು. "ಇರ್ಲಿ. ನನಗೆ ಮಾತಾಡೋಕೆ ಇದ್ದಿದ್ದು ಅದೊಂದೇ ಜಾಗ. ಅದನ್ನ ನಿನಗೆ ತಿಳಿಸಬೇಕಿತ್ತು, ಅಷ್ಟೆ" ಎಂದು ಇಟ್ಟುಬಿಟ್ಟಳು.

ಶೌಚಾಲಯದಿಂದ ಹೊರಗೆ ಬಂದಾಗ ಬೆಂಚಿನ ಮೇಲಿದ್ದವಳು ನೇರ ಅವನ ಒದ್ದೆ ಕೈಗಳನ್ನು ನೋಡಿದಳು. ಅಡಗಿದ್ದನ್ನು ಕಂಡಿದ್ದಾಳೆ ಎಂದು ಅವನಿಗೆ ಗೊತ್ತಾಯಿತು. ಬೀಗದ ಕೈ ಎರಡು ಸಲ ಜಾರಿತು. ಒಳಗೆ ಕುರ್ಚಿ ತೋರಿಸಿದ. ಅದರ ಮೇಲೆ ಪುಸ್ತಕಗಳಿದ್ದವು, ಅವನ್ನು ಎತ್ತಿ ಎಲ್ಲಿಡುವುದೆಂದು ತಿಳಿಯದೆ ಎದೆಗವಚಿ ನಿಂತ. ಅವಳು ಕೂತಳು. ಸಣಕಲು ಹೆಂಗಸು, ಅವನು ಕಲ್ಪಿಸಿಕೊಂಡದ್ದಕ್ಕಿಂತ ಚಿಕ್ಕವಳು. ಎಡಗೈ ತೋರುಬೆರಳ ತುದಿಯಲ್ಲಿ ಸೂಜಿಯ ಚುಕ್ಕೆಗಳು.

"ನೀವು ಅವತ್ತು ನಾನು ಬರೆದಿದ್ದಕ್ಕೆ ಹೃದಯದ ಗುರುತು ಒತ್ತಿದ್ದಿರಿ" ಎಂದಳು. "ಕೆಳಗೆ ಬರೆದಿದ್ದಿರಿ ಕೂಡ. 'ನಿಮ್ಮ ಜೊತೆ ನಾವಿದ್ದೇವೆ' ಅಂತ. ಅವತ್ತು ನನಗೆ ಉತ್ತರ ಕೊಟ್ಟವರಲ್ಲಿ ನೀವೇ ಮೊದಲು. ಅದಕ್ಕೇ ನೆನಪಿದೆ."

ಅವನಿಗೂ ನೆನಪಿತ್ತು. ಅಂದು ಆ ಸಾಲು ಓದಿ, ನಿಜವಾಗಿಯೂ ಅನ್ನಿಸಿಯೇ ಹಾಗೆ ಬರೆದಿದ್ದ. ಆಮೇಲೆ ದತ್ತಾಂಶವನ್ನು ಶುದ್ಧಗೊಳಿಸುವಾಗ, ಹಾಗೆನ್ನುತ್ತಾರೆ ಆ ಕೆಲಸಕ್ಕೆ, ಸಂಶೋಧಕನ ಮಾತು ದತ್ತಾಂಶದಲ್ಲಿ ಸೇರಬಾರದೆಂದು ತನ್ನ ಹನ್ನೊಂದು ಬರಹಗಳನ್ನೂ ಮೊದಲು ಅಳಿಸಿದ್ದ. ಅವುಗಳಲ್ಲಿ ಒಂದರಲ್ಲಿ, ಭಾನುವಾರ ಅಮ್ಮ ಮಲಗಿದ್ದರೆ ಸಾಕಪ್ಪ ಎಂದು ಬಸ್ಸಿನಲ್ಲಿ ಅಂದುಕೊಳ್ಳುತ್ತೇನೆ ಎಂದು ಬರೆದುಕೊಂಡಿದ್ದ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಬಟ್ಟೆ ಬಿಚ್ಚಿಸಿದವನು ತಾನು ಮಾತ್ರ ಕೋಟಿನ ಗುಂಡಿ ಹಾಕಿಕೊಂಡೇ ಇದ್ದ.

"ಕ್ಷಮಿಸಿ" ಎಂದ. ಪುಸ್ತಕಗಳು ಇನ್ನೂ ಎದೆಯ ಮೇಲಿದ್ದವು. "ನಾನು ಹೆಸರು ಹಾಕಿರಲಿಲ್ಲ. ಹೆಸರು ಇಲ್ಲದಿದ್ದರೆ ಯಾರಿಗೂ—"

"ನಮ್ಮ ಮಾವ ಟಿಕೆಟ್ ಕೊಡೋದನ್ನ ಹಾಕಿದ್ರಲ್ಲ. ಅದಕ್ಕಿಂತ ಹೆಸರು ಹಾಕಿದ್ರೆ ವಾಸಿ ಇತ್ತು. ಹೆಸರು ಊರಲ್ಲಿ ಹತ್ತು ಜನಕ್ಕಿರತ್ತೆ."

ಟಿಕೆಟ್ಟಿನ ಆ ಸಾಲನ್ನು ತೆಗೆಯಬೇಕೆಂದು ಅವನಿಗೂ ಒಮ್ಮೆ ಅನ್ನಿಸಿತ್ತು. ತೆಗೆದೂ ಇದ್ದ, ಒಂದು ಇಡೀ ದಿನ. ಅದಿಲ್ಲದೆ ಪುಟ ಸತ್ತಂತೆ ಕಂಡು ಮರುದಿನ ಮತ್ತೆ ಸೇರಿಸಿದ. ಆ ಒಂದು ದಿನವನ್ನು ಈಗ ಇವಳಿಗೆ ಹೇಳಿದರೆ ಏನಾದೀತು ಎಂದು ಯೋಚಿಸಿ ನಾಚಿಕೆಯಾಯಿತು.

"ನಾನು ಬೈಯೋಕೆ ಬಂದಿಲ್ಲ" ಎಂದಳು. "ಆರು ದಿನದಿಂದ ತಂಗಿ ಮನೇಲಿದೀನಿ. ಮಗಳು ಫೋನಲ್ಲೂ ಮಾತಾಡ್ತಿಲ್ಲ. ಗುಂಪಲ್ಲಿ ನಾನು ಬರೆದಿದ್ದೆಲ್ಲಾ ಅಳಿಸಿದೀನಿ. ಮನೇಲಿ, ಅದು ನಾನಲ್ಲ ಅಂತ ಹೇಳಿದೀನಿ. ಈಗ ಅದು ಇರೋದು ನಿಮ್ಮ ಹತ್ತಿರ ಮಾತ್ರ. ನೀವು ಒಂದು ಕಾಗದ ಬರೆದುಕೊಡಬೇಕು. ಆ ಹದಿನೇಳನೇ ಹೆಂಗಸು ಇಲ್ಲವೇ ಇಲ್ಲ, ನೀವೇ ಕಟ್ಟಿದ್ದು, ಅಂತ."

ಮೇಜಿನ ಮೇಲೆ ಇನ್ನೊಂದು ಕಾಗದ ಅವನ ಸಹಿಗಾಗಿ ಕಾಯುತ್ತಿತ್ತು. ಗುಂಪಿನ ನರ್ಸ್ ವಿಭಾಗಕ್ಕೆ ಕಳಿಸಿದ ದೂರಿಗೆ ಅಂದು ಸಂಜೆ ಐದು ಗಂಟೆಯೊಳಗೆ ಉತ್ತರ ಕೊಡಬೇಕಿತ್ತು. ವಿಭಾಗದ ಮುಖ್ಯಸ್ಥರೇ ಕರಡು ಮಾಡಿಕೊಟ್ಟಿದ್ದರು: ದತ್ತಾಂಶ ಸಾರ್ವಜನಿಕ, ಸಮಿತಿಯ ಒಪ್ಪಿಗೆ ಇದೆ, ಹೆಸರು ಮರೆಮಾಚಲಾಗಿದೆ. "ಒಂದೂ ಸುಳ್ಳಿಲ್ಲ ಇದರಲ್ಲಿ. ಸಹಿ ಹಾಕಿ ನಿಶ್ಚಿಂತೆಯಾಗಿರಿ" ಎಂದಿದ್ದರು. ನಿಜವಾಗಿಯೂ ಒಂದೂ ಸುಳ್ಳಿರಲಿಲ್ಲ. ಇವಳು ಕೇಳುತ್ತಿರುವುದರಲ್ಲಿ ಒಂದೂ ನಿಜವಿಲ್ಲ. ಮತ್ತು ತನ್ನ ವೃತ್ತಿಯಲ್ಲಿ ಕ್ಷಮೆಯಿಲ್ಲದ ಪಾಪ ಇದೊಂದೇ, ಇಲ್ಲದ ಮನುಷ್ಯನನ್ನು ಕಟ್ಟುವುದು. ಇರುವ ಮನುಷ್ಯರನ್ನು ಏನು ಬೇಕಾದರೂ ಮಾಡಬಹುದು. ಹೀಗೆ ಯೋಚಿಸುತ್ತಿರುವಾಗಲೇ ಅವನ ಮನಸ್ಸಿನ ಇನ್ನೊಂದು ಭಾಗ, ಇಪ್ಪತ್ತು ವರ್ಷ ಪ್ರಶ್ನೆ ಕೇಳಿಯೇ ಅನ್ನ ತಿಂದ ಭಾಗ, ಬೇರೆಯೇ ಒಂದನ್ನು ಹಿಡಿದುಕೊಂಡು ಕೂತಿತ್ತು. ಬೇಡ ಬೇಡ ಎನ್ನುತ್ತಿದ್ದಂತೆ ಬಾಯಿ ತೆರೆಯಿತು.

"ಅವರು ಬಿದ್ದ ದಿನ… ಚಿಲಕ…"

ಅವಳು ಬಟ್ಟೆಚೀಲ ತೆಗೆದುಕೊಂಡು ಎದ್ದು ನಿಂತಳು. ಸಿಟ್ಟಿನಿಂದಲ್ಲ, ಅಳತೆಗೆ ಬಂದವರು ಮಿತಿ ಮೀರಿ ಮುಟ್ಟಿದರೆ ಹಿಂದೆ ಸರಿಯುವ ಹಾಗೆ. "ಬರೆಯೋದಾದ್ರೆ ಬರೀರಿ ಸಾರ್. ಕೇಳೋದಕ್ಕೆ ಮನೇಲೇ ಜನ ಇದಾರೆ."

ಅವನು ಪುಸ್ತಕಗಳನ್ನು ನೆಲದ ಮೇಲಿಟ್ಟು ಬರೆಯಲು ಕೂತ. ವಿಭಾಗದ ಹೆಸರು ಅಚ್ಚಾಗಿದ್ದ ಹಾಳೆಯನ್ನೇ ತೆಗೆದುಕೊಂಡ. ಮೊದಲ ಸಲ 'ಸಂಯೋಜಿತ ಪಾತ್ರ' ಎಂದು ಬರೆದ. ಅವಳು ಮೇಜಿನ ಆಚೆಯಿಂದ ತಲೆಕೆಳಗಾಗಿ ಓದಿ, "ಹೀಗಂದ್ರೆ ನಮ್ಮ ಭಾವಂಗೆ ಅರ್ಥ ಆಗಲ್ಲ" ಎಂದಳು. ಎರಡನೇ ಸಲ 'ಹಲವರ ಮಾತುಗಳನ್ನು ಕೂಡಿಸಿ' ಎಂದು ಬರೆದ. "ಹಲವರಲ್ಲಿ ನಾನೂ ಒಬ್ಬಳು ಅಂತಾರೆ" ಎಂದಳು. ಮೂರನೇ ಸಲ ಬರೆದ: ಪ್ರಬಂಧದಲ್ಲಿ ಹದಿನೇಳನೇ ಸದಸ್ಯೆ ಎಂದು ಹೇಳಲಾದ ವ್ಯಕ್ತಿ ಇಲ್ಲ, ಆ ಮಾತುಗಳನ್ನು ನಾನೇ ಸೃಷ್ಟಿಸಿದ್ದೇನೆ. ಸಹಿ ಹಾಕುವಾಗ ಅಕ್ಷರಗಳು ಅವನ ತಂದೆಯ ಸಹಿಯ ಹಾಗೆ ಬಲಕ್ಕೆ ಬಾಗಿದವು. ಮೊಹರು ಒತ್ತಿದ. ಅವಳು ಶಾಯಿ ಒಣಗುವವರೆಗೆ ಹಾಳೆಯನ್ನು ಗಾಳಿಯಲ್ಲಿ ಹಿಡಿದುಕೊಂಡು, "ನೀವೂ ಬನ್ನಿ. ಕಾಗದ ನಾನೇ ಮಾಡಿಸಿಕೊಂಡು ಬಂದೆ ಅಂದುಕೊಳ್ತಾರೆ" ಎಂದಳು.

ಬಸ್ಸಿನಲ್ಲಿ ಅವಳು ಮುಂದೆ, ಅವನು ನಾಲ್ಕು ಸಾಲು ಹಿಂದೆ. ಕಂಡಕ್ಟರು ಬಂದಾಗ ಅವನು ಎರಡು ಎಂದು ಬೆರಳು ತೋರಿಸುವಷ್ಟರಲ್ಲಿ ಅವಳು ತನ್ನದನ್ನು ಕೊಂಡಾಗಿತ್ತು. ಕಿಟಕಿಯ ಗಾಜಿಗೆ ತಲೆ ತಾಗಿಸಿ ಕೂತವನಿಗೆ ಹೊರಗಿನ ಅಂಗಡಿಗಳು, ಕಟ್ಟುತ್ತಿರುವ ಮನೆಗಳ ಕಬ್ಬಿಣದ ಸರಳುಗಳು, ಶಾಲೆ ಬಿಟ್ಟು ಬರುತ್ತಿದ್ದ ನೀಲಿ ಸಮವಸ್ತ್ರದ ಮಕ್ಕಳು ಎಲ್ಲವೂ ತನ್ನನ್ನು ಬಿಟ್ಟು ನಡೆಯುತ್ತಿವೆ ಎನ್ನಿಸಿತು. ಇಳಿದುಬಿಡಬಹುದು. ಮುಂದಿನ ನಿಲ್ದಾಣದಲ್ಲಿ ಇಳಿದು, ವಿಭಾಗಕ್ಕೆ ಹೋಗಿ, ಇನ್ನೊಂದು ಕಾಗದಕ್ಕೆ ಸಹಿ ಹಾಕಿದರೆ ಎಲ್ಲವೂ ಮೊದಲಿನಂತೆ ಇರುತ್ತದೆ. ಅವಳ ಕೈಯಲ್ಲಿರುವ ಹಾಳೆಯನ್ನು ತಾನು ಬರೆದದ್ದಲ್ಲ ಎಂದರಾಯಿತು. ಎರಡು ನಿಲ್ದಾಣ ಹೀಗೆ ಹೋದವು. ಒಮ್ಮೆ ಎದ್ದು ಕೂಡ ನಿಂತ. ಅವಳು ತಿರುಗಿ ನೋಡಲಿಲ್ಲ, ನೋಡಿದ್ದರೆ ಇಳಿಯುತ್ತಿದ್ದನೇನೋ. ನಿಂತವನು ನಿಂತೇ ಇದ್ದ, ಆ ಜಾಗದಲ್ಲಿ ಬೇರೆ ಯಾರೋ ಬಂದು ಕೂತರು.

ಮೆಟ್ಟಿಲು ಮನೆಯ ಹೊರಗಿನಿಂದ ಹತ್ತುತ್ತಿತ್ತು. ಹತ್ತುವಾಗ ಅವನು ಎಣಿಸಿದ, ಹತ್ತೊಂಬತ್ತು. ಯಾಕೆ ಎಣಿಸಿದೆ ಎಂದು ಹಲ್ಲು ಕಚ್ಚಿಕೊಂಡ. ಬಾಗಿಲ ಹೊರಗಿನ ಚಿಲಕ ಹೊಸದಾಗಿ ಬಣ್ಣ ಬಳಿದದ್ದು; ಅದನ್ನೂ ನೋಡಬಾರದೆಂದುಕೊಂಡು ನೋಡಿದ. ಒಳಗೆ ಎರಡು ಕೋಣೆ. ಹೊಲಿಗೆ ಯಂತ್ರದ ಮೇಲೆ ಯಾರೋ ಬಟ್ಟೆ ಹೊದಿಸಿದ್ದರು. ಗಂಡನ ಅಣ್ಣ, ಅಗಲ ಭುಜದ ಲಾರಿ ಮೆಕ್ಯಾನಿಕ್ಕು, ಕಾಗದವನ್ನು ಕಿಟಕಿಯ ಬೆಳಕಿಗೆ ಒಡ್ಡಿ ಎರಡು ಸಲ ಓದಿದ. ಆಮೇಲೆ ಗಟ್ಟಿಯಾಗಿ ಮೂರನೇ ಸಲ, ತಮ್ಮನಿಗೆ ಕೇಳುವಂತೆ.

"ಮೇಷ್ಟ್ರೇ, ಅಂದ್ರೆ ನೀವು ಸುಳ್ಳು ಬರೆದ್ರಿ."

"ಹೌದು."

"ಪೇಪರಿಗೂ ಸುಳ್ಳೇ ಹೇಳಿದ್ರಿ."

"ಹೌದು."

"ಮಕ್ಕಳಿಗೆ ಪಾಠಾನೂ ಇದೇ ಥರ ಹೇಳ್ತೀರಾ?" ಮೆಕ್ಯಾನಿಕ್ಕು ಕಾಗದವನ್ನು ಕೆಳಗಿಳಿಸಿದ. "ನಮ್ಮಪ್ಪ ಸತ್ತು ಇನ್ನೂ ವರ್ಷ ಆಗಿಲ್ಲ. ನಾನು ನನ್ನ ತಮ್ಮನ ಹೆಂಡತಿ ಮುಖಕ್ಕೆ ಕೊಲೆಗಾತಿ ಅಂದುಬಿಟ್ಟೆ. ನಿಮಗೆ ಬರೆಯೋಕೆ ಬೇರೆ ಏನೂ ಸಿಗಲಿಲ್ವಾ?"

ಅವನಿಗೆ ಆಶ್ಚರ್ಯವಾದದ್ದು, ಈ ಬೈಗುಳದ ಒಂದೊಂದು ಮಾತೂ ತಪ್ಪು ಕಾರಣಕ್ಕೆ ಸರಿಯಾಗಿ ಬಂದು ತಾಗುತ್ತಿತ್ತು. ತಲೆ ತಗ್ಗಿಸಿ ನಿಲ್ಲುವುದು ಇಷ್ಟು ಸುಲಭವೆಂದು ಗೊತ್ತಿರಲಿಲ್ಲ. ಇನ್ನಷ್ಟು ಬೈಯಲಿ, ಮುಗಿಸಿಬಿಡಲಿ ಎಂದು ಕಾದ. ಆದರೆ ಮಾತು ಬಂದದ್ದು ಇಷ್ಟು ಹೊತ್ತು ಮೂಲೆಯಲ್ಲಿ ಮಂಚದ ಮೇಲೆ ಕೂತಿದ್ದ ಗಂಡನಿಂದ. ಬಡಕಲು ಮನುಷ್ಯ, ಅಂಗಿಯ ಜೇಬಿನಲ್ಲಿ ಎರಡು ಪೆನ್ನು.

"ಟಿಕೆಟ್ಟು?" ಎಂದ.

ಮೆಕ್ಯಾನಿಕ್ಕು ತಮ್ಮನ ಕಡೆ ತಿರುಗಿದ.

"ಟಿಕೆಟ್ ಹರಿದು ಕೊಡೋದು ನೀವು ಹೇಗೆ ಬರೆದ್ರಿ? ನಮ್ಮಪ್ಪ ನಿಜವಾಗ್ಲೂ ಕೊಡ್ತಿದ್ರು. ನಂಗೂ ಕೊಡ್ತಿದ್ರು."

ಟೈಲರಮ್ಮ ಬಾಗಿಲ ಬಳಿ ನಿಂತೇ ಇದ್ದಳು. ಚೀಲದ ಅಂಚಿನ ಮೇಲೆ ಅವಳ ಬೆರಳು ನಿಂತಿತು. ಕಾಗದದಲ್ಲಿ ಇದಕ್ಕೆ ಉತ್ತರವಿರಲಿಲ್ಲ, ದಾರಿಯಲ್ಲಿ ಇಬ್ಬರೂ ಯೋಚಿಸಿರಲಿಲ್ಲ. "ಅದು ಇನ್ನೊಂದು ಮನೆಯಿಂದ ತಗೊಂಡಿದ್ದು" ಎಂದ ಪ್ರಾಧ್ಯಾಪಕ. ದನಿ ನಡುಗಲಿಲ್ಲ. "ಅಲ್ಲೂ ಒಬ್ಬರು ಕಂಡಕ್ಟರಾಗಿದ್ದವರು. ಆ ಕಾಯಿಲೆಯಲ್ಲಿ ಮಾಡುತ್ತಿದ್ದ ಕೆಲಸ ಕೈಗೆ ನೆನಪಿರುತ್ತೆ. ಹಾಗೆ ತುಂಬ ಜನ ಮಾಡ್ತಾರೆ."

"ಹೌದಾ?" ಗಂಡ ಮುಂದಕ್ಕೆ ಬಾಗಿದ. ಅವನ ಮುಖದಲ್ಲಿ ಅನುಮಾನವಿರಲಿಲ್ಲ, ಹಸಿವಿನಂಥದ್ದೇನೋ ಇತ್ತು. "ಅವರು… ಆ ಅಜ್ಜ. ಇದಾರಾ?"

"ಇದಾರೆ."

"ಈಗಲೂ ಕೊಡ್ತಾರಾ?"

"ಕೊಡ್ತಾರೆ."

"ಚೆನ್ನಾಗಿ ನೋಡ್ಕೋತಿದಾರಾ?"

"ಹೂಂ" ಎಂದ ಅವನು. "ಸೊಸೆ ನೋಡ್ಕೋತಾಳೆ."

ಗಂಡ ಅಂಗೈಯಲ್ಲಿ ಮುಖ ಮುಚ್ಚಿಕೊಂಡ. ಭುಜಗಳು ಅಲುಗತೊಡಗಿದವು. ಒಳಕೋಣೆಯ ಬಾಗಿಲ ಸಂದಿಯಲ್ಲಿ ಇಷ್ಟು ಹೊತ್ತು ಒಂದು ಕಣ್ಣು ಮಾತ್ರ ಕಾಣಿಸುತ್ತಿದ್ದ ಹುಡುಗಿ ಹೊರಗೆ ಬಂದು, ಅಪ್ಪನನ್ನೂ ದಾಟಿ, ಅಮ್ಮನ ಹತ್ತಿರ ಹೋಗಿ, ಮುಟ್ಟದೆ, ಪಕ್ಕದಲ್ಲಿ ನಿಂತಳು. ಟೈಲರಮ್ಮ ಅವಳ ಅಂಗಿಯ ಬಿಚ್ಚಿಹೋಗಿದ್ದ ಹೊಲಿಗೆಯನ್ನು ನೋಡಿ, "ಇದು ಯಾವಾಗ ಹರೀತು?" ಎಂದಳು. ಅಷ್ಟೇ ಮಾತು. ಆಮೇಲೆ ಇಬ್ಬರೂ ಒಳಗೆ ಹೋದರು. ಅವನ ಕಡೆ ಅವಳು ನೋಡಲಿಲ್ಲ. ನೋಡುತ್ತಾಳೆ ಎಂದು ತಾನು ಕಾಯುತ್ತಿದ್ದೆ ಎಂಬುದು ಅವನಿಗೆ ತಿಳಿದದ್ದು ಆಗಲೇ.

ಮೆಕ್ಯಾನಿಕ್ಕು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟ. "ಇದೇ ಮಾತು ಪೇಪರಿನಲ್ಲೂ ಬರಬೇಕು. ಇಲ್ಲಾಂದ್ರೆ ಬೀದಿಯವರ ಬಾಯಿಗೆ ನಾವು ಏನಂತ ಹೇಳೋದು?"

"ಬರುತ್ತೆ" ಎಂದ ಅವನು.

ಬಂತು. ಒಳಪುಟದಲ್ಲಿ, ಅಂಗೈಯಗಲದ ವಿಷಾದ. ಐದು ಗಂಟೆಯೊಳಗೆ ಕೊಡಬೇಕಾಗಿದ್ದ ಉತ್ತರವನ್ನು ಅವನು ಮರುದಿನ ಬೆಳಿಗ್ಗೆ, ಆ ಮನೆಯಲ್ಲಿ ಕೊಟ್ಟ ಕಾಗದದ ಮಾತುಗಳಲ್ಲೇ ಬರೆದುಕೊಟ್ಟ. ಮುಖ್ಯಸ್ಥರು ಓದಿ, ಕನ್ನಡಕ ತೆಗೆದು, "ನಿಮಗೆ ತಲೆ ಕೆಟ್ಟಿದೆಯೇನ್ರೀ? ನಿಮ್ಮ ಕಂಪ್ಯೂಟರಿನಲ್ಲಿ ಮೂಲ ಬರಹ ಇದೆಯಲ್ಲ, ತೋರಿಸಿದರೆ ಮುಗೀತು" ಎಂದರು. ಅದನ್ನು ರಾತ್ರಿಯೇ ಅಳಿಸಿದ್ದೇನೆ ಎಂದ. ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡು, "ನೀವು ಒಳ್ಳೆಯ ಕೆಲಸ ಮಾಡ್ತಿದೀರಿ ಅಂದುಕೊಂಡಿದ್ರೆ, ಅಲ್ಲ. ಇನ್ನು ಮೇಲೆ ಇಲ್ಲಿಂದ ಹೋಗೋ ಯಾವ ಪ್ರಬಂಧವನ್ನೂ ಯಾರೂ ನಂಬಲ್ಲ" ಎಂದರು. ಅದೂ ನಿಜವೇ ಆಗಿತ್ತು. ಪ್ರಬಂಧವನ್ನು ಹಿಂದಕ್ಕೆ ಪಡೆದರು, ವಿಚಾರಣೆ ಕೂತಿತು. ಸಮಿತಿಯ ಐದು ಜನರ ಮುಂದೆ ಅವನು ಕಟ್ಟಿದ್ದೇನೆ, ಕಟ್ಟಿದ್ದೇನೆ ಎಂದು ಹೇಳುತ್ತಾ ಹೋದಂತೆ ಒಂದು ಹೊತ್ತಿನಲ್ಲಿ ಅವನಿಗೇ ಟೈಲರಮ್ಮನ ಮುಖ ಸರಿಯಾಗಿ ನೆನಪಾಗದೆ ಹೆದರಿದ. ಚಹಾ ಮುಗಿಯುವುದರೊಳಗೆ ಸಹಿ ಹಾಕಿದ್ದವರಲ್ಲಿ ಇಬ್ಬರು ಈ ಸಮಿತಿಯಲ್ಲೂ ಇದ್ದರು. ಅನುಮತಿಯ ಬಗ್ಗೆ, ಆ ಮೂರನೇ ಪ್ರಶ್ನೆಯ ಬಗ್ಗೆ, ಅವರಲ್ಲಿ ಯಾರೂ ಒಂದು ಮಾತೂ ಕೇಳಲಿಲ್ಲ. ಕೇಳಲಿ ಎಂದು ಅವನು ಒಳಗೊಳಗೇ ಬೇಡಿಕೊಳ್ಳುತ್ತಿದ್ದ. ಪಾಠ ಮಾಡುವುದರಿಂದ ತೆಗೆದರು. ಕಾರಿಡಾರಿನಲ್ಲಿ ಅರ್ಥಶಾಸ್ತ್ರದವನು ಎದುರಾದಾಗ, ಹೆಂಡತಿಯ ಕಣ್ಣೀರು ದಂಡವಾದವನ ಹಾಗೆ ಗೋಡೆಯ ಕಡೆ ಸರಿದು ಹೋದ.

ಟೈಲರಮ್ಮನಿಂದ ಮತ್ತೆ ಸುದ್ದಿ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ. ಗುಂಪನ್ನು ನರ್ಸ್ ಮುಚ್ಚಿಬಿಟ್ಟರು ಎಂದು ಯಾರೋ ಹೇಳಿದರು. ಆ ಮೂರು ಸಾವಿರ ಜನ ಈಗ ಎಲ್ಲಿ ಹೇಳಿಕೊಳ್ಳುತ್ತಾರೆ ಎಂದು ಹಗಲು ಹೊತ್ತಿನಲ್ಲಿ, ಮಾಡಲು ಕೆಲಸವಿಲ್ಲದ ಮೇಜಿನ ಮುಂದೆ, ಯೋಚಿಸುತ್ತಾ ಕೂರುತ್ತಿದ್ದ. ಒಂದೊಂದು ಮನೆಯಲ್ಲೂ ಒಬ್ಬೊಬ್ಬಳು ಬಾಯಿ ಮುಚ್ಚಿಕೊಂಡು ಅನ್ನ ಕಲಸುತ್ತಿದ್ದಾಳೆ, ಹಾಸಿಗೆ ಬದಲಿಸುತ್ತಿದ್ದಾಳೆ ಎಂದು ಕಣ್ಣಿಗೆ ಕಟ್ಟುತ್ತಿತ್ತು.

ಸಮಯ ಸಿಕ್ಕಿದ್ದರಿಂದ ವಾರದಲ್ಲಿ ಮೂರು ದಿನ ಅಕ್ಕನ ಮನೆಗೆ ಹೋಗತೊಡಗಿದ. ಅಕ್ಕ ಬೇಡವೆನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಏನು ಮಾಡಬೇಕೆಂದು ಹೇಳುತ್ತಿದ್ದಳು, ಹೊಸದಾಗಿ ಸೇರಿದ ಕೆಲಸದವರಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ. ಕಾಗದದ ವಿಷಯ ಅವಳಿಗೆ ಗೊತ್ತಿತ್ತು. "ಒಳ್ಳೇದು ಮಾಡಿದೆ" ಎಂದಿದ್ದಳು ಒಮ್ಮೆ, ಪಾತ್ರೆ ಒರೆಸುತ್ತಾ, ತಿರುಗಿ ನೋಡದೆ.

ಅಂದು ಮಧ್ಯಾಹ್ನ ಅಮ್ಮನಿಗೆ ಸ್ನಾನ ಮಾಡಿಸುವುದಿತ್ತು. ಅಮ್ಮ ಸ್ಟೂಲಿನ ಮೇಲೆ ಕೂತು, ಇವನು ಯಾರೋ ಪರ ಗಂಡಸೆಂದು ನಾಚಿ ಟವೆಲನ್ನು ಗಟ್ಟಿಯಾಗಿ ಸುತ್ತಿಕೊಂಡಿದ್ದಳು. ಅಕ್ಕ ಸಮಾಧಾನ ಮಾಡಿ ಟವೆಲು ಸಡಿಲಿಸಿದಳು. ಅವನು ಚೊಂಬಿನಿಂದ ನೀರು ಹೊಯ್ಯುತ್ತ, ಎಡತೋಳನ್ನು ಎತ್ತಿ ಸೋಪು ಹಚ್ಚಲು ಹೋದಾಗ ಕಂಡಿತು. ತೋಳಿನ ಒಳಭಾಗದಲ್ಲಿ, ಸುಕ್ಕುಗಟ್ಟಿದ ಚರ್ಮದ ಮೇಲೆ, ಸಾಲಾಗಿ ನಾಲ್ಕು ನೀಲಿ ಕಲೆ. ಬೆರಳಿನ ಅಗಲ ಒಂದೊಂದೂ. ಅವನ ಕೈ ನಿಂತಿತು. ತಲೆ ಎತ್ತಿದಾಗ ಅಕ್ಕ ಅವನನ್ನೇ ನೋಡುತ್ತಿದ್ದಳು.

"ಮೊನ್ನೆ ಏನಾಯ್ತು ಅಂದ್ರೆ…" ಎಂದು ಶುರು ಮಾಡಿದಳು. ಅವಳ ಕೆಳತುಟಿ ಒಂದು ಸಲ ಅದುರಿತು. ಚಿಕ್ಕವಳಿದ್ದಾಗ ತಪ್ಪು ಮಾಡಿ ಅವನ ಹತ್ತಿರ ಮಾತ್ರ ಹೇಳಲು ಬರುತ್ತಿದ್ದಳಲ್ಲ, ಆ ಮುಖ. ಆಮೇಲೆ ಆ ಮುಖ, ಅವನ ಕಣ್ಣೆದುರೇ, ಮುಚ್ಚಿಕೊಂಡಿತು.

"ಏನಿಲ್ಲ ಬಿಡು" ಎಂದಳು.

"ಹೇಳಕ್ಕ."

ಅವಳು ಬಕೆಟ್ಟಿಗೆ ಕೈ ಅದ್ದಿ ನೀರು ನೋಡಿದಳು.

"ಅಕ್ಕ, ಫೋನು ಮನೇಲೇ ಬಿಟ್ಟು ಬಂದಿದೀನಿ" ಎಂದ ಅವನು. ಹೇಳಿದ ಮೇಲೆ ಆ ಮಾತು ತನ್ನ ಕಿವಿಗೇ ಕೇಳಿಸಿತು.

"ಹೂಂ" ಎಂದಳು ಅಕ್ಕ. "ನೀರು ತಣ್ಣಗಾಗ್ತಿದೆ. ಬೇಗ ಹೊಯ್ಯಿ."

ಅವನು ಹೊಯ್ದ. ಕಲೆಗಳ ಮೇಲೆ ಉಜ್ಜದೆ, ಅಂಗೈಯಲ್ಲಿ ಸೋಪಿನ ನೊರೆ ಮಾಡಿ, ಮೆತ್ತಗೆ ಸವರಿದ. "ಪುಣ್ಯಾತ್ಮ, ನೀವು ಯಾರ ಪೈಕಿ?" ಎಂದು ಕೇಳಿದಳು ಅಮ್ಮ. ಅಕ್ಕ ಒಣಗಿದ ಬಟ್ಟೆ ತರಲು ಹೊರಗೆ ಹೋಗಿ ಬಾಗಿಲನ್ನು ಮುಂದಕ್ಕೆ ಎಳೆದುಕೊಂಡಳು.